ಸ್ಕಾಟ್ಲೆಂಡಿನ ದೊರೆ, ಚೀನಿ ಬಡಗಿ, ಅಬ್ಬಿಯ ಬಲೆ

ನಾವು ಬಡವರಾಗಿದ್ದೆವು ಎಂದು ಯಾರಾದರೂ ಹೇಳಿದರೆ ನನಗೆ ಈಗಲೂ ಕೋಪ ಬರುತ್ತದೆ. ಸಿಟ್ಟು ನನಗೆ ಮೊದಲಿನಿಂದಲೂ ಮೂಗಿನ ತುದಿಯಲ್ಲೇ. ಅಕ್ಕಿ ಕಡಿಮೆ ಇತ್ತು, ಮಳೆಗಾಲದಲ್ಲಿ ಗಂಜಿ ತೆಳ್ಳಗಾಗುತ್ತಿತ್ತು, ಅದೆಲ್ಲ ಹೌದು. ಆದರೆ ಮರವಂತೆಯ ಕಡಲ ದಂಡೆಯಲ್ಲಿ ರಂಪಣಿ ಎಳೆದ ದಿನ ನಮ್ಮ ಮನೆಗೆ ಒಂದು ಪಾಲು ಇತ್ತು. ಅದು ಯಾರೋ ಕನಿಕರಪಟ್ಟು ಕೊಟ್ಟದ್ದಲ್ಲ. ಆ ಬಲೆಯಲ್ಲಿ ನಮ್ಮದೊಂದು ತುಂಡು ಇತ್ತು, ಅದಕ್ಕಾಗಿ ಬಂದ ಪಾಲು.

ರಂಪಣಿ ನೋಡದವರಿಗೆ ಇಷ್ಟು ಹೇಳಬೇಕು. ಅದು ಒಬ್ಬರ ಬಲೆಯಲ್ಲ. ಒಂದೊಂದು ಮನೆಯವರು ಒಂದೊಂದು ತುಂಡು ಹೆಣೆದು ತರುತ್ತಾರೆ, ಎಲ್ಲವನ್ನೂ ಅಂಚಿಗೆ ಅಂಚು ಸೇರಿಸಿ ಕಟ್ಟಿದರೆ ಕಡಲಿನ ಒಂದು ದೊಡ್ಡ ತುಂಡನ್ನೇ ಸುತ್ತುವಷ್ಟು ಉದ್ದದ ಬಲೆಯಾಗುತ್ತದೆ. ಮೀನಿನ ಹಿಂಡು ಕಂಡಾಗ ದೋಣಿಯವರು ಅದನ್ನು ಅರ್ಧಚಂದ್ರದ ಹಾಗೆ ನೀರಿಗೆ ಇಳಿಸುತ್ತಾ ಹೋಗುತ್ತಾರೆ, ದಂಡೆಯಲ್ಲಿದ್ದವರು ಎರಡು ತುದಿಯ ಹಗ್ಗ ಹಿಡಿದು ಎಳೆಯುತ್ತಾರೆ. ಬಲೆ ಕೊಟ್ಟ ಮನೆಗೆ ಪಾಲು, ದೋಣಿ ನಡೆಸಿದವನಿಗೆ ಪಾಲು, ದಾರಿಯಲ್ಲಿ ಹೋಗುತ್ತಿದ್ದವನು ಬಂದು ಹಗ್ಗಕ್ಕೆ ಕೈ ಹಾಕಿದರೆ ಅವನಿಗೂ ಪಾಲು. ಹೀಗೊಂದು ನ್ಯಾಯ ಬೇರೆ ಎಲ್ಲಿಯಾದರೂ ಇದ್ದರೆ ತೋರಿಸಲಿ.

ನಮ್ಮ ತುಂಡನ್ನು ಅಜ್ಜಿ ಹೆಣೆಯಲು ಶುರುಮಾಡಿದ್ದು, ಅಬ್ಬಿ ಬೆಳೆಸಿದ್ದು. ಅಮ್ಮನನ್ನು ನಾವು ಅಬ್ಬಿ ಎಂದೇ ಕರೆಯುವುದು. ಸಣಬಿನ ನಾರನ್ನು ತೊಡೆಯ ಮೇಲೆ ಹೊಸೆದು ನೂಲು ಮಾಡಬೇಕು, ಹೆಣೆಯಬೇಕು, ಉಪ್ಪುನೀರಿಗೆ ಕೊಳೆಯದಂತೆ ಮರದ ತೊಗಟೆ ಕುದಿಸಿದ ನೀರಿನಲ್ಲಿ ಅದ್ದಬೇಕು, ಹರಿದಲ್ಲೆಲ್ಲ ಮತ್ತೆ ಕೂತು ಹೆಣೆಯಬೇಕು. ನಾನು ಮೈನೆರೆಯುವ ಮೊದಲೇ ನನ್ನ ತೊಡೆಯ ಚರ್ಮ ನಾರು ಹೊಸೆದು ಒರಟಾಗಿತ್ತು. ನಮ್ಮವರಲ್ಲಿ ಅಳಿಯಸಂತಾನದ ಕಟ್ಟು. ಮನೆಯಾಗಲಿ ಹಿತ್ತಿಲಾಗಲಿ ತಾಯಿಯಿಂದ ಮಗಳಿಗೆ ಇಳಿದು ಬರುವುದು. ಬಲೆಯೂ ಹಾಗೆಯೇ ಬಂದಿತ್ತು. ನಾವು ಇದ್ದದ್ದೂ ಅಬ್ಬಿಯ ತಾಯಿಮನೆಯಲ್ಲೇ. ಅಬ್ಬಿಯ ಅಣ್ಣ, ಅಂದರೆ ನನ್ನ ಮಾವ, ಆ ರಂಪಣಿಯ ಯಜಮಾನ.

ಅಪ್ಪಯ್ಯ ಮಾತ್ರ ಬೊಂಬಾಯಿಯಲ್ಲಿ. ಹಡಗು ರಿಪೇರಿ ಮಾಡುವ ಒಂದು ವರ್ಕ್‌ಶಾಪಿನ ಉಗ್ರಾಣದಲ್ಲಿ ಹಗ್ಗ, ಡಾಂಬರು, ಮೊಳೆ ಎತ್ತಿಕೊಡುವ ಕೆಲಸ. ವರ್ಷಕ್ಕೊಮ್ಮೆ ಬಂದರೆ ಬಂದರು, ಇಲ್ಲದಿದ್ದರೆ ಇಲ್ಲ. ಜಪಾನಿನವರು ರಂಗೂನಿಗೆ ಬಾಂಬು ಹಾಕಿದರು, ನಾಳೆ ಬೊಂಬಾಯಿಗೂ ಹಾಕುತ್ತಾರೆ ಎಂಬ ಸುದ್ದಿ ಎದ್ದಾಗ ನಮ್ಮ ಕಡೆಯವರು ಗಂಟುಮೂಟೆ ಕಟ್ಟಿಕೊಂಡು ಊರಿಗೆ ಬಂದರಲ್ಲ, ಅವರ ಜೊತೆಯಲ್ಲಿ ಅಪ್ಪಯ್ಯನೂ ಬಂದರು. ತಂದದ್ದು ಒಂದು ತಗಡಿನ ಪೆಟ್ಟಿಗೆ, ಮತ್ತೆ ಬಾಯಿತುಂಬ ಇಬ್ಬರು ಮನುಷ್ಯರ ಕಥೆ.

ಒಬ್ಬ ವರ್ಕ್‌ಶಾಪಿನ ದೊಡ್ಡ ದೊರೆ. ಸ್ಕಾಟ್ಲೆಂಡಿನವನು. ಅವನನ್ನು ಇಂಗ್ಲೆಂಡಿನವನು ಎಂದರೆ ಮುಖ ಕೆಂಪಗಾಗುತ್ತಿತ್ತಂತೆ. ನಮ್ಮನ್ನು ಮಂಗಳೂರಿನವರು ಎಂದರೆ ನಮಗೆ ಹೇಗೆ ಉರಿಯುತ್ತದೆಯೋ ಹಾಗೆ ಎಂದು ಅಪ್ಪಯ್ಯ ಹೇಳಿದಾಗ ನಮಗೆಲ್ಲ ಆ ದೊರೆಯ ಮೇಲೆ ಸ್ವಲ್ಪ ಪ್ರೀತಿ ಹುಟ್ಟಿತು. ಅವನೂ ಮೀನು ಹಿಡಿಯುವವರ ಮಗ. ಅಪ್ಪಯ್ಯನೂ ಬಲೆಯ ಜಾತಿಯವರೇ ಎಂದು ತಿಳಿದ ಮೇಲೆ ಉಗ್ರಾಣದ ಬಾಗಿಲಲ್ಲಿ ನಿಂತು ತನ್ನ ಊರಿನ ಸುದ್ದಿ ಹೇಳುತ್ತಿದ್ದನಂತೆ. ಅಲ್ಲಿಯ ಕಡಲು ಮಂಜಿನಷ್ಟು ತಣ್ಣಗಂತೆ. ಗಂಡಸರು ಒದ್ದೆ ಕಾಲಿನಲ್ಲಿ ಕಡಲಿಗೆ ಹೋಗಬಾರದೆಂದು ಹೆಂಗಸರು ಲಂಗ ಎತ್ತಿ ಕಟ್ಟಿ, ಗಂಡಂದಿರನ್ನು ಬೆನ್ನ ಮೇಲೆ ಹೊತ್ತು, ಸೊಂಟದ ಮಟ್ಟದ ನೀರಿನಲ್ಲಿ ನಡೆದು ಹೋಗಿ ದೋಣಿ ಹತ್ತಿಸುತ್ತಿದ್ದರಂತೆ. ಇದನ್ನು ಕೇಳಿ ಅಂಗಳದಲ್ಲಿ ಕೂತವರೆಲ್ಲ ಬಿದ್ದು ಬಿದ್ದು ನಕ್ಕರು. ಅಬ್ಬಿ ನಗಲಿಲ್ಲ. ಬಲೆ ಹೆಣೆಯುವ ಕಡ್ಡಿಯಿಂದ ಕಣ್ಣು ತೆಗೆಯದೆ ಕೇಳಿದಳು:

"ದೋಣಿ ತನಕ ಮಾತ್ರವಾ ಹೊರುದ್?"

ಅಪ್ಪಯ್ಯನಿಗೆ ಅದು ಕೇಳಿಸಲಿಲ್ಲವೋ, ಕೇಳಿಸಿಯೂ ಕೇಳಿಸದ ಹಾಗೆ ಇದ್ದರೋ. ಅವರು ಆಗಲೇ ಎರಡನೆಯವನ ಕಥೆಗೆ ದಾಟಿದ್ದರು.

ಎರಡನೆಯವನು ಚೀನಾ ದೇಶದ ಬಡಗಿ. ಯಾವುದೋ ಹಡಗಿನಲ್ಲಿ ಕೆಲಸಕ್ಕೆಂದು ಬಂದವನು ಬೊಂಬಾಯಿಯಲ್ಲೇ ಇಳಿದುಬಿಟ್ಟ. ದೊರೆಗಿಂತ ಮೊದಲೇ ಆ ವರ್ಕ್‌ಶಾಪಿಗೆ ಸೇರಿದ್ದವನು. ಹಡಗಿನ ಹಲಗೆ ಕೂರಿಸುವುದರಲ್ಲಿ ಅವನ ಸರಿಸಾಟಿ ಇಡೀ ಬಂದರಿನಲ್ಲಿಲ್ಲ ಎಂದು ದೊರೆಗಳೇ ಹೇಳುತ್ತಿದ್ದರು. ಹೇಳುತ್ತಿದ್ದರು ಅಷ್ಟೆ. ಮೇಲಿನ ಕುರ್ಚಿ ಖಾಲಿಯಾದಾಗೆಲ್ಲ ಸ್ಕಾಟ್ಲೆಂಡಿನ ಅದೇ ಕರಾವಳಿಯಿಂದ ಇನ್ನೊಬ್ಬ ಬಂದು ಕೂರುತ್ತಿದ್ದ. ಈ ದೊರೆಯೂ ಹಾಗೆ ಬಂದವನೇ. ಮನೆಯ ದೋಣಿ ದೊಡ್ಡಣ್ಣನ ಪಾಲಾಯಿತು, ಉಳಿದವರು ದಾರಿ ನೋಡಿಕೊಳ್ಳಬೇಕಾಯಿತು, ಬೊಂಬಾಯಿಯಲ್ಲಿದ್ದ ಊರಿನವನೊಬ್ಬ ಇವನನ್ನು ಕರೆಸಿಕೊಂಡ. ಆಮೇಲೆ ಇವನು ತನ್ನ ತಂಗಿಯ ಮಗನನ್ನು ಕರೆಸಿಕೊಂಡ.

ಚೀನಿ ಬಡಗಿ ಬೇಸತ್ತು ಕೆಲಸ ಬಿಟ್ಟು ವರ್ಕ್‌ಶಾಪಿನ ಹಿಂದಿನ ಸಂದಿಯಲ್ಲಿ ಸ್ವಂತ ಚಪ್ಪರ ಹಾಕಿ, ಕುರ್ಚಿ, ಪೆಟ್ಟಿಗೆ ಮಾಡಲು ಕೂತ. ತಮ್ಮ ಬಂದ, ಹೆಂಡತಿ ಬಂದಳು, ಮಕ್ಕಳಾದರು. ಎಲ್ಲರೂ ಗರಗಸ ಹಿಡಿದವರೇ, ಎಲ್ಲರಿಗೂ ಒಂದೇ ಒಲೆ. ಬ್ಯಾಂಕಿನವರು ಅವನನ್ನು ಮೆಟ್ಟಿಲು ಹತ್ತಿಸುತ್ತಿರಲಿಲ್ಲ. ಹಾಗಾಗಿ ಅವನ ಕಡೆಯವರು ಸೇರಿ ನಮ್ಮ ಚೀಟಿಯ ಹಾಗೆ ತಿಂಗಳು ತಿಂಗಳು ಹಾಕಿ, ಸರದಿಯ ಮೇಲೆ ಎತ್ತಿಕೊಳ್ಳುತ್ತಿದ್ದರು. ನೋಡನೋಡುತ್ತ ಆ ಸಂದಿಯ ಎರಡೂ ಬದಿಯ ಅಂಗಡಿಗಳು ಅವರವೇ ಆದವು.

ಇಷ್ಟು ಹೇಳಿ ಅಪ್ಪಯ್ಯ ಬೀಡಿ ಹಚ್ಚಿ, ಸಭೆಗೆ ಪ್ರಶ್ನೆ ಹಾಕುತ್ತಿದ್ದರು.

"ಇಬ್ರೂ ಕಡ್ಲ್ ದಾಟಿ ಬಂದವ್ರೆ. ಬಪ್ಪತಿಗೆ ಇಬ್ರದ್ದೂ ಬರಿಗೈ. ಒಬ್ಬ ಗುಡ್ಡಿ ಮೇಲಿನ್ ಬಂಗ್ಲಿಗ್ ಹೋದ, ಇನ್ನೊಬ್ಬ ಸಂದಿಯಗೇ ಉಳ್ದ. ಎಂತಕೆ, ಹೇಳಿ ಕಾಂಬ."

ಆ ಬೇಸಿಗೆಯೆಲ್ಲ ನಮ್ಮ ಕೇರಿಗೆ ಇದೇ ಚರ್ಚೆ. ಕೆಲವರು ದೊರೆಯ ಪಕ್ಷ, ಕೆಲವರು ಬಡಗಿಯ ಪಕ್ಷ. ದೊರೆ ಓದಿದವನು, ಅದಕ್ಕೇ ಮೇಲೆ ಬಂದ ಎಂದು ಒಬ್ಬರು. ಓದಿನಿಂದ ಹಲಗೆ ಕೂರುತ್ತದೆಯೇ ಎಂದು ಇನ್ನೊಬ್ಬರು. ಮಾವ ಒಂದು ದಿನ ಎಲ್ಲರ ಬಾಯಿ ಮುಚ್ಚಿಸಿದರು. ದೊರೆ ಬಂದದ್ದು ಬರಿಗೈಯಲ್ಲಿ ಅಂತ ಹೇಳಿದವರು ಯಾರು, ರಾಜ್ಯವೇ ಅವರದ್ದು, ಬಾವುಟ ಅವರದ್ದು, ಬ್ಯಾಂಕೂ ಅವರದ್ದು. ಇಳಿತದ ನೀರಿನಲ್ಲಿ ದೋಣಿ ಬಿಟ್ಟವನನ್ನೂ ಹೊಳೆಗೆ ಎದುರಾಗಿ ಹುಟ್ಟು ಹಾಕಿದವನನ್ನೂ ಒಂದೇ ಪಂಥಕ್ಕೆ ನಿಲ್ಲಿಸಬಾರದು ಎಂದರು. ಎದುರು ನೀರಿನಲ್ಲಿ ಒಂದು ಸಂದಿಯ ಉದ್ದ ಬಂದವನು ಇಳಿತದಲ್ಲಿ ಗುಡ್ಡದ ತನಕ ಹೋದವನಿಗಿಂತ ಗಟ್ಟಿಗ ಎಂದು ಅವರ ತೀರ್ಪು. ಅದಲ್ಲದೆ ಯುದ್ಧ ಬಂದಾಗ ದೊರೆಯ ಹೆಂಡತಿ ಮಕ್ಕಳು ಹಡಗು ಹತ್ತಿ ಊರಿಗೆ ಹೋದರು, ಗಳಿಸಿದ್ದೂ ಅವರ ಹಿಂದೆಯೇ ಹೋಯಿತು. ಬಡಗಿಗೆ ಹೋಗಲು ಊರಿರಲಿಲ್ಲ, ಅವನ ಊರು ಜಪಾನಿನವರ ಕೈಯಲ್ಲಿತ್ತು. ಆದರೆ ಅವನ ಸಂದಿ ಅಲ್ಲೇ ಇತ್ತು.

ಅಪ್ಪಯ್ಯನಿಗೆ ಮಾವನ ತೀರ್ಪು ಬಹಳ ಹಿಡಿಸಿತು. ಬೇಕಾದ್ದಕ್ಕಿಂತ ಹೆಚ್ಚೇ ಹಿಡಿಸಿತು. ಇನ್ನು ಯಾರ ಕೈಕೆಳಗೂ ಕೆಲಸ ಬೇಡ, ಚೀನಿಯವನ ಹಾಗೆ ಸ್ವಂತದ್ದೊಂದು ಅಂಗಡಿ ಇಡಬೇಕು, ಕುಂದಾಪುರದ ಪೇಟೆಯಲ್ಲಿ ಹಗ್ಗ, ಡಾಂಬರು, ಮೊಳೆ ಮಾರಬೇಕು, ಹೆಂಡತಿ ಮಕ್ಕಳೆಲ್ಲ ಅಲ್ಲೇ ದುಡಿಯಬೇಕು ಎಂದು ಹೊರಟರು. ಅಬ್ಬಿ, ದೂರದ ಬೆಟ್ಟ ನುಣ್ಣಗೆ, ಹತ್ತಿದವನಿಗೇ ಗೊತ್ತು ಕಲ್ಲುಮುಳ್ಳು ಎನ್ನುತ್ತಿದ್ದಳು. ಎತ್ತು ಏರಿಗೆ, ಕೋಣ ನೀರಿಗೆ. ಮಳೆಗಾಲವೆಲ್ಲ ಮನೆಯೊಳಗೆ ಇದೇ ನಡೆಯಿತು.

ಮಳೆ ಹೊಳವಾಗಿ ಬಂಗುಡೆಯ ಕಾಲ ಬಂತು. ರಂಪಣಿಯ ತುಂಡುಗಳನ್ನೆಲ್ಲ ಸೇರಿಸಿ ಕಟ್ಟಿ ದಂಡೆಯ ಮೇಲೆ ಒಣಹಾಕಿ ಸಿದ್ಧಮಾಡಿದ್ದರು. ಮಾವ ಬ್ರಹ್ಮಾವರದ ಕಡೆ ನೆಂಟರ ಮನೆಗೆ ಹೋಗಿದ್ದರು. ಅಬ್ಬಿಯೂ ನಾನೂ ಬುಟ್ಟಿ ಹೊತ್ತು ತ್ರಾಸಿಗೆ ಮೀನು ಮಾರಲು ಹೋಗಿದ್ದೆವು. ತಿರುಗಿ ಬಂದು ನೋಡಿದರೆ ನಮ್ಮ ಅಂಗಳದಲ್ಲಿ ಬಲೆಯ ತುಂಡು ಮಡಿಸಿ ಕಟ್ಟಿ ಇಟ್ಟಿದೆ. ದೂರದಿಂದ ನೋಡಿದ ಕೂಡಲೇ ಅದು ನಮ್ಮದೇ ಎಂದು ಗೊತ್ತಾಯಿತು. ನಾವು ಹೆಣೆದ ಕಣ್ಣುಗಳು ನಮಗೆ ಗೊತ್ತಾಗದೆ ಇರುತ್ತವೆಯೇ.

ಅಪ್ಪಯ್ಯ ಚಾವಡಿಯಲ್ಲಿ ಕೂತಿದ್ದರು. ದಂಡೆಯವರು ಊಟಕ್ಕೆ ಹೋಗಿದ್ದಾಗ ಅಂಚು ಬಿಚ್ಚಿ ತಂದದ್ದಂತೆ. ಬೈಂದೂರಿನಲ್ಲಿ ಒಬ್ಬರು ಹೊಸ ರಂಪಣಿ ಕಟ್ಟುತ್ತಿದ್ದಾರೆ, ಯುದ್ಧದಿಂದಾಗಿ ಸಣಬು ಸಿಗುವುದಿಲ್ಲ, ಹೆಣೆದ ಬಲೆಗೆ ಒಳ್ಳೆಯ ಕ್ರಯ ಬರುತ್ತದೆ, ನಾಳೆ ಬೆಳಿಗ್ಗೆ ಅವರೇ ಗಾಡಿ ತರುತ್ತಾರೆ, ಅಂಗಡಿಗೆ ಅದೇ ಬಂಡವಾಳ ಎಂದು ಒಂದೇ ಉಸಿರಿನಲ್ಲಿ ಹೇಳಿದರು. ನನಗೆ ಮೈಯೆಲ್ಲ ಬೆಂಕಿ ಹತ್ತಿದಂತಾಯಿತು. ಆ ತುಂಡು ಹೋದರೆ ದಂಡೆಯಲ್ಲಿ ನಮಗೆ ಏನೂ ಉಳಿಯುವುದಿಲ್ಲ. ಪಾಲು ಹಂಚುವಾಗ ನಮ್ಮ ಮನೆಯನ್ನು ಕರೆಯುವವರಿಲ್ಲ, ನಾವೂ ಬೇರೆಯವರ ಮೀನು ಕೊಂಡು ಮಾರುವವರಾಗುತ್ತೇವೆ. ನಾನು ಬಾಯಿ ತೆರೆಯುವಷ್ಟರಲ್ಲಿ ಅಬ್ಬಿ ಬುಟ್ಟಿಯನ್ನು ಕೆಳಗಿಟ್ಟು ಅಪ್ಪಯ್ಯನ ಎದುರು ನಿಂತಳು. ಧ್ವನಿ ಏರಿಸಲಿಲ್ಲ.

"ಆ ಬಲಿ ನಿಮ್ದಲ್ಲ. ನಂದೂ ಅಲ್ಲ. ನನ್ ಅಬ್ಬಿದ್, ನಾಳಿಗ್ ಈ ಹೆಣ್ಣಿಂದ್. ನಾನ್ ನಡುಗೆ ಹಿಡ್ಕಂಡಿಪ್ಪುದ್, ಅಷ್ಟೇ."

ಅಪ್ಪಯ್ಯನ ಮುಖ ನೋಡಬೇಕಿತ್ತು. ಅವರು ಕಳ್ಳರಲ್ಲ, ಸುಳ್ಳರೂ ಅಲ್ಲ. ಮರೆತೇಬಿಟ್ಟಿದ್ದರು. ದೊಡ್ಡ ಮಗನಿಗೆ ದೋಣಿ ಕೊಡುವ ದೊರೆಯ ಊರಿನ ಕಥೆ, ಅಪ್ಪ ಹೇಳಿದ್ದೇ ಕಟ್ಟಳೆಯಾದ ಚೀನಿಯವನ ಅಂಗಡಿ, ಇವನ್ನೆಲ್ಲ ವರ್ಷಗಟ್ಟಲೆ ನೋಡಿ ಕೇಳಿ, ಮನೆಯ ವಸ್ತು ಗಂಡಸಿನದು ಎಂದು ಅವರ ತಲೆಯಲ್ಲಿ ಕೂತುಬಿಟ್ಟಿತ್ತು. ಅಳಿಯಸಂತಾನದ ಮನೆಯಲ್ಲಿ ಹುಟ್ಟಿ, ಅಂಥದೇ ಮನೆಯ ಹೆಣ್ಣನ್ನು ಕಟ್ಟಿಕೊಂಡು, ಹೆಂಡತಿಯ ತಾಯಿಯ ಬಲೆಗೆ ಕೈ ಹಾಕಿದ್ದರು. ಬೇರೆಯವರಲ್ಲಾದರೆ ಅದು ತಪ್ಪೇ ಅಲ್ಲ, ನಮ್ಮವರಲ್ಲಿ ಮಾತ್ರ ತಪ್ಪು. ಮಾತು ಕೊಟ್ಟಾಯಿತಲ್ಲ ಎಂದಷ್ಟೇ ಹೇಳಿದರು. ಅಬ್ಬಿ ಒಳಗೆ ಹೋಗಿ ಒಲೆ ಹಚ್ಚಿದಳು.

ಮರುದಿನ ಬೆಳಿಗ್ಗೆ ಬೈಂದೂರಿನವರು ಗಾಡಿ ತಂದರು. ದೂರದಿಂದ ಬಂದವರು, ಮರ್ಯಾದೆಗೆ ಕೊರತೆಯಾಗಬಾರದು. ಅಬ್ಬಿ ಬೆಲ್ಲ ನೀರು ಕೊಟ್ಟಳು. ಅಪ್ಪಯ್ಯ ಕಂಬ ಹಿಡಿದು ನಿಂತಿದ್ದರು. ಅಷ್ಟರಲ್ಲಿ ದಂಡೆಯ ಕಡೆಯಿಂದ ಹ್ವಾಯ್, ಹ್ವಾಯ್ ಎಂಬ ಕೂಗು ಎದ್ದಿತು. ಕಡಲಿನ ಮೇಲೆ ಹಕ್ಕಿಗಳು ಎರಗುತ್ತಿದ್ದವು, ನೀರು ಒಂದು ಕಡೆ ಕಪ್ಪಾಗಿ ಕುದಿಯುತ್ತಿತ್ತು. ಬಂಗುಡೆ ಬಂದಿತ್ತು, ಹಿಂಡು ಹಿಂಡಾಗಿ.

ಅಬ್ಬಿ ಯಾರನ್ನೂ ಕೇಳಲಿಲ್ಲ. ಸೆರಗು ಬಿಗಿದು ಬಲೆಯ ಕಟ್ಟಿನ ಒಂದು ಬದಿ ತಾನು ಎತ್ತಿ ಇನ್ನೊಂದು ಬದಿಗೆ ನನ್ನ ಮುಖ ನೋಡಿದಳು. ಅಷ್ಟು ಭಾರ ನಾನು ಆವರೆಗೆ ಎತ್ತಿರಲಿಲ್ಲ. ತಲೆಯ ಮೇಲೆ ಹೊತ್ತು ರಸ್ತೆ ದಾಟಿ ಓಡಿದೆವು. ನಮ್ಮಲ್ಲಿ ಒಂದು ಪಕ್ಕ ಹೊಳೆ, ಒಂದು ಪಕ್ಕ ಕಡಲು, ನಡುವೆ ರಸ್ತೆ. ಓಡುವ ದಾರಿಯೇನೂ ಉದ್ದವಲ್ಲ, ಆದರೆ ಆ ದಿನ ಮುಗಿಯಲೇ ಇಲ್ಲ. ಹಿಂದೆ ಅಪ್ಪಯ್ಯ ಓಡಿ ಬರುತ್ತಿದ್ದರು, ಅವರ ಹಿಂದೆ ಬೈಂದೂರಿನವರೂ.

ದಂಡೆಯಲ್ಲಿ ಬಲೆಯನ್ನು ದೋಣಿಗೆ ತುಂಬುತ್ತಿದ್ದರು. ನಡುವೆ ಹಲ್ಲು ಬಿದ್ದ ಹಾಗೆ ನಮ್ಮ ಜಾಗ ಖಾಲಿ. ಮಾವ ಆಗ ತಾನೇ ಬ್ರಹ್ಮಾವರದಿಂದ ಬಂದವರು, ಹೆಗಲ ಮೇಲಿನ ಶಾಲು ಸಹ ತೆಗೆದಿರಲಿಲ್ಲ. ಎರಡು ಕಡೆಯ ಬಿಚ್ಚಿದ ಅಂಚು ಕೈಯಲ್ಲಿ ಹಿಡಿದು ನಿಂತಿದ್ದರು. ರಂಪಣಿ ಕಟ್ಟಿದ ಮೇಲೆ ಯಜಮಾನನಿಗೆ ಹೇಳದೆ ತುಂಡು ಬಿಚ್ಚುವುದೆಂದರೆ ಊರಿನ ಊಟಕ್ಕೇ ಕೈ ಹಾಕಿದ ಹಾಗೆ. ಹಾಗೆ ಮಾಡಿದವನನ್ನು ಮುಂದೆ ಯಾವ ದೋಣಿಗೂ ಹತ್ತಿಸುವುದಿಲ್ಲ. ಯಾರು ಬಿಚ್ಚಿದ್ದು ಎಂದು ಮಾವ ಕೇಳಿದರು. ದಂಡೆಯೆಲ್ಲ ಕಿವಿಯಾಯಿತು. ಅಪ್ಪಯ್ಯ ಮುಂದೆ ಒಂದು ಹೆಜ್ಜೆ ಇಟ್ಟದ್ದನ್ನು ನಾನು ಕಂಡೆ. ಅವರಿಗಿಂತ ಮೊದಲು ಅಬ್ಬಿ ಮಾತಾಡಿದಳು.

"ನಾನೇ ಬಿಚ್ಚದ್, ಅಣ್ಣ. ಹರ್ದಿತ್. ಸಮಾ ಮಾಡುಕೆ ಮನಿಗ್ ಕೊಂಡ್ಹೋದೆ."

ಮಾವ ಅಬ್ಬಿಯ ಮುಖ ನೋಡಿದರು, ಅಪ್ಪಯ್ಯನ ಮುಖ ನೋಡಿದರು, ಹಿಂದೆ ಏದುಸಿರು ಬಿಡುತ್ತ ನಿಂತ ಬೈಂದೂರಿನವರ ಮುಖವನ್ನೂ ನೋಡಿದರು. ಬಲೆಯ ವಿಷಯದಲ್ಲಿ ಅವರ ಕಣ್ಣಿಗೆ ಮಣ್ಣೆರಚುವವರು ಇನ್ನೂ ಹುಟ್ಟಿಲ್ಲ. ಆದರೂ ಅವರು ಹೇಳಿದ್ದು, ಹಾಗಾದರೆ ಬೇಗ ಕಟ್ಟು ಎಂದಷ್ಟೇ. ಅಬ್ಬಿ ಒಂದು ಅಂಚಿಗೆ ಕೂತಳು, ನಾನು ಇನ್ನೊಂದಕ್ಕೆ. ಅಪ್ಪಯ್ಯ ನೂಲು ಎಳೆದುಕೊಟ್ಟರು. ನನ್ನ ಬದಿಯ ಗಂಟುಗಳು ಅಬ್ಬಿಗಿಂತ ಮೊದಲೇ ಮುಗಿದವು, ಅದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯೂ ಇಲ್ಲ.

ಬಲೆ ಇಳಿಯಿತು, ಸುತ್ತಿತು, ಹಗ್ಗ ದಂಡೆಗೆ ಬಂತು. ಎಳೆಯುವಾಗ ಜಾತಿ ಕೇಳುವವರಿಲ್ಲ, ಊರು ಕೇಳುವವರಿಲ್ಲ. ಬಲೆ ಕೊಳ್ಳಲು ಬಂದ ಬೈಂದೂರಿನವರು ಮುಂಡು ಎತ್ತಿ ಕಟ್ಟಿ ನನ್ನ ಮುಂದೆಯೇ ಹಗ್ಗ ಹಿಡಿದಿದ್ದರು. ಬಂದ ಕೆಲಸವೇ ಅವರಿಗೆ ಮರೆತು ಹೋಗಿತ್ತು. ಬಲೆಯ ಹೊಟ್ಟೆ ದಂಡೆಗೆ ಬಂದಾಗ ಒಳಗೆಲ್ಲ ಬೆಳ್ಳಿಯ ಹಾಗೆ ಮಿನುಗಿತು. ನಮ್ಮ ತುಂಡಿನಲ್ಲಿ ಒಂದು ಕಣ್ಣೂ ಹರಿದಿರಲಿಲ್ಲ. ಅದನ್ನು ನೋಡಿದಾಗ ಬಂದಷ್ಟು ಹೆಮ್ಮೆ ನನಗೆ ಮತ್ತೆ ಮದುವೆಯ ದಿನವೂ ಬಂದಿಲ್ಲ.

ಮರಳಿನ ಮೇಲೆ ರಾಶಿ ಹಾಕಿ ಪಾಲು ಹಂಚಿದರು. ಹಗ್ಗ ಎಳೆದದ್ದಕ್ಕೆ ಬೈಂದೂರಿನವರಿಗೂ ಪಾಲು ಬಂತು. ಬಲೆ ತುಂಬಿಸಲು ತಂದ ಗಾಡಿಯಲ್ಲಿ ಬಂಗುಡೆ ತುಂಬಿಸಿಕೊಂಡು, ಇಂಥ ಬಲೆ ಮಾರುವವರಿಗೂ ಬುದ್ಧಿಯಿಲ್ಲ, ಕೇಳಲು ಬಂದ ನನಗೂ ಇಲ್ಲ ಎಂದು ನಗುತ್ತ ಹೋದರು. ಕೊಟ್ಟ ಮಾತು ಹೀಗೆ ತಾನಾಗಿಯೇ ಬಿಟ್ಟುಹೋಯಿತು. ಮಾವ ಒಂದೊಂದೇ ಮನೆಯನ್ನು ಕರೆಯುತ್ತ ಬಂದರು. ನಮ್ಮನ್ನು ಯಾವಾಗಲೂ ಬೊಂಬಾಯಿಯವರ ಮನೆ ಎಂದು ಕರೆಯುವುದು ರೂಢಿ. ಅವತ್ತು ಅಬ್ಬಿಯ ಹೆಸರು ಹಿಡಿದು ಕರೆದರು. ದಂಡೆಯಲ್ಲಿ ಹೆಂಗಸಿನ ಹೆಸರಿಗೆ ಪಾಲು ಕರೆದದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಅಂಗಡಿ ಆಗಲಿಲ್ಲ ಎಂದುಕೊಳ್ಳಬೇಡಿ. ಮುಂದೆ ಆಯಿತು, ಕುಂದಾಪುರದಲ್ಲೇ. ಚೀನಿಯವರ ಹಾಗೆ ಚೀಟಿ ಹಾಕಿ, ದೊರೆಯ ಹಾಗೆ ಊರಿನ ಹುಡುಗರನ್ನು ಕರೆಸಿಕೊಂಡು. ಅಬ್ಬಿಯೇ ಕೇರಿಯ ಹೆಂಗಸರನ್ನು ಸೇರಿಸಿ ಚೀಟಿ ಕಟ್ಟಿಸಿದ್ದು. ಅಪ್ಪಯ್ಯ ಗಿರಾಕಿಗಳಿಗೆ ದೊರೆಯ ಮತ್ತು ಬಡಗಿಯ ಕಥೆ ಹೇಳುವುದನ್ನು ಬಿಡಲಿಲ್ಲ. ಆದರೆ ಇಬ್ಬರೂ ಬರಿಗೈಯಲ್ಲಿ ಬಂದವರು ಎಂಬ ಮಾತನ್ನು ಮಾತ್ರ ಬಿಟ್ಟುಬಿಟ್ಟರು. ದೊರೆಯ ಹಿಂದೆ ಒಂದು ರಾಜ್ಯ ಇತ್ತು, ಬಡಗಿಯ ಹಿಂದೆ ಒಂದು ಕುಲವೇ ಇತ್ತು, ಒಬ್ಬನೇ ಮೇಲೆ ಬಂದವನು ಯಾರೂ ಇಲ್ಲ ಎನ್ನುತ್ತಿದ್ದರು. ನಿಮ್ಮ ಹಿಂದೆ ಯಾರಿದ್ದರು ಎಂದು ಕೇಳಿದವರಿಗೆ ಮೊಳೆ ತೂಗಿಕೊಟ್ಟು ಕಳಿಸುತ್ತಿದ್ದರು. ಆ ಉತ್ತರವನ್ನು ಅವರು ಒಂದೇ ಸಲ ಹೇಳಿದ್ದು, ಬಂಗುಡೆ ಬಂದ ಆ ದಿನ.

ಪಾಲಿನ ಬುಟ್ಟಿಯನ್ನು ಅಬ್ಬಿ ತಲೆಗೇರಿಸಲು ಬಗ್ಗಿದಾಗ ಅಪ್ಪಯ್ಯ ಅದನ್ನು ಕಸಿದುಕೊಂಡು ತಮ್ಮ ತಲೆಯ ಮೇಲೆ ಇಟ್ಟುಕೊಂಡರು. ನಮ್ಮಲ್ಲಿ ಮೀನಿನ ಬುಟ್ಟಿ ಹೆಂಗಸರ ತಲೆಯದ್ದು. ಗಂಡಸು ಹೊತ್ತರೆ ಊರೆಲ್ಲ ನಗುತ್ತದೆ, ನಕ್ಕಿತು ಕೂಡ. ಅವರು ತಲೆ ತಗ್ಗಿಸಲಿಲ್ಲ. ರಸ್ತೆ ದಾಟುವಾಗ ನಿಂತರು.

"ಆ ದೊರಿ ಊರಿನ್ ಹೆಂಗ್ಸರ್ ದೋಣಿ ತನಕ ಮಾತ್ರ ಹೊರ್ತ್ರ್," ಎಂದರು. "ನೀನ್ ಬೊಂಬಾಯಿ ತನಕ ಹೊತ್ತೆ. ಇವತ್ತ್ ಇಡೀ ಊರಿನ್ ಎದ್ರೂ ನನ್ ಕಾಲ್ ಒದ್ದಿ ಆಪುಕ್ ಬಿಡ್ಲಿಲ್ಲೆ."

ಅಬ್ಬಿ ಅವರನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. ಬುಟ್ಟಿಯ ನೀರು ತೊಟ್ಟಿಕ್ಕಿ ಅಪ್ಪಯ್ಯನ ಬೊಂಬಾಯಿ ಅಂಗಿ, ಮುಂಡು, ಕಾಲು ಎಲ್ಲ ಒದ್ದೆಮುದ್ದೆಯಾಗಿತ್ತು.

"ಈಗ ಆಯ್ತಲೆ," ಎಂದಳು, "ನಡೀರಿ, ಮೀನ್ ಹಾಳಾತ್ತ್."